ಐದನೆಯ ಮಾತು

ಸಿಂಧನೂರಿನ ಕ್ರೈಸ್ತ ಸಭೆಯ ರಿಜಿಸ್ಟರಿನಲ್ಲಿ ಅವನ ಹೆಸರು ಅಬ್ರಹಾಮ. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಸೊಕ್ಕಿನಿಂದಲ್ಲ, ಕೂಗುತ್ತಿರುವುದು ತನ್ನನ್ನೇ ಎಂದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಅಕ್ಕಿ ಮಿಲ್ಲಿನ ಹಮಾಲರಿಗೂ ಓಣಿಯವರಿಗೂ ಹುಟ್ಟಿದೂರಿಗೂ ಅವನು ಅಂಬಪ್ಪನೇ. ಹೆಂಡತಿಯದೂ ಅದೇ ಪಾಡು. ಪೀರಮ್ಮನಿಗೆ ದೀಕ್ಷಾಸ್ನಾನದ ದಿನ ಪ್ರಿಸ್ಕಿಲ್ಲ ಎಂದು ಹೆಸರಿಟ್ಟಿದ್ದರು. ಅದನ್ನು ತಡವರಿಸದೆ ಹೇಳಲು ಬರುತ್ತಿದ್ದದ್ದು ಪಾಸ್ಟರ್ ಒಬ್ಬರಿಗೇ, ಹೆಸರಿನ ಒಡತಿಗೂ ಬರುತ್ತಿರಲಿಲ್ಲ.

ಹಾಗಾಗಿ ೧೯೮೭ರ ಗರಿಗಳ ಭಾನುವಾರ ಪಾಸ್ಟರ್ ಜೀವರತ್ನ ಅವರು ಆರಾಧನೆ ಮುಗಿಸಿ, "ಅಬ್ರಹಾಮಪ್ಪ, ಐದನೆಯ ಮಾತು ನಿಮಗೆ" ಎಂದಾಗ ಅಂಬಪ್ಪನೂ ಎಲ್ಲರ ಹಾಗೆ ಅತ್ತಿತ್ತ ನೋಡಿದ. ಯಾರೋ ಪುಣ್ಯಾತ್ಮ ಸಿಕ್ಕಿಬಿದ್ದ ಎಂದು ಒಳಗೊಳಗೇ ನಗು ಬಂತು. ಪಕ್ಕದ ಹೆಂಗಸರ ಸಾಲಿನಿಂದ ಪೀರಮ್ಮ ಕೈ ಚಾಚಿ ಪಕ್ಕೆಗೆ ತಿವಿದಳು.

"ನಿಂಗ ಹೇಳ್ಯಾರ. ಎದ್ದು ನಿಂದ್ರು."

ಅಂಬಪ್ಪನ ನಗು ಅಲ್ಲೇ ಸತ್ತಿತು.

ಶಿಲುಬೆಯ ಮೇಲೆ ತೂಗಿದ ಹೊತ್ತಿನಲ್ಲಿ ಯೇಸು ಆಡಿದ್ದು ಏಳು ಮಾತು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಸಭೆಯ ಏಳು ಜನ ಒಂದೊಂದು ಮಾತನ್ನು ಎತ್ತಿಕೊಂಡು ಧ್ಯಾನ ಮಾಡುವುದು ರೂಢಿ. ಪ್ರತಿ ವರ್ಷ ಓದುಬರಹ ಬಲ್ಲವರೇ ಅದನ್ನು ಹಂಚಿಕೊಳ್ಳುತ್ತಿದ್ದರು: ಪಾಸ್ಟರ್, ನರಸಣ್ಣ ಮಾಸ್ತರು, ಆಸ್ಪತ್ರೆಯ ನರ್ಸಮ್ಮ, ನೀರಾವರಿ ಆಫೀಸಿನ ಗುಮಾಸ್ತ, ಹೀಗೆ. ಐದನೆಯ ಮಾತು ಕಂಪೌಂಡರರದ್ದಾಗಿತ್ತು. ಅವರ ಮಗಳಿಗೆ ಲಿಂಗಸುಗೂರಿನಲ್ಲಿ ಹೆರಿಗೆಯಾಗಿ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಹೋಗಿದ್ದರು. ಐದನೆಯದು ಏಳರಲ್ಲೇ ಚಿಕ್ಕ ಮಾತು, ನನಗೆ ನೀರಡಿಕೆಯಾಗಿದೆ ಎಂಬ ಮಾತು. ಚಿಕ್ಕದಾದ್ದರಿಂದ ಓದದವನೂ ಹೊರಬಹುದು ಎಂದು ಪಾಸ್ಟರ್ ಲೆಕ್ಕ ಹಾಕಿರಬೇಕು.

ನೂರು ಕಿಲೋ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಏರುವ ಅಂಬಪ್ಪನಿಗೆ ಆ ಎರಡು ಪದದ ಮಾತು ಹೊರಲಾಗದಂಥ ಭಾರವಾಯಿತು. ಕಾರಣ ಅವನಿಗೆ ಮಾತ್ರ ಗೊತ್ತಿತ್ತು. ಸಭೆ ಸೇರಿ ಆರು ವರ್ಷವಾಗಿದ್ದರೂ ಅವನು ಒಂದು ದಿನವೂ ಪ್ರಾರ್ಥನೆ ಮಾಡಿರಲಿಲ್ಲ.

ಮಾಡಬಾರದೆಂದಲ್ಲ, ಬರುತ್ತಿರಲಿಲ್ಲ. ಬುಧವಾರದ ಕೂಟದಲ್ಲಿ ಒಬ್ಬೊಬ್ಬರಾಗಿ ಪ್ರಾರ್ಥಿಸುತ್ತ ಬಂದು ಸರದಿ ಅವನ ಹತ್ತಿರ ನಿಂತರೆ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಎರಡು ಸಲ ಕೆಮ್ಮುತ್ತಿದ್ದ. ಕೆಮ್ಮನ್ನೇ ಆಮೆನ್ ಎಂದು ತಿಳಿದು ಪಕ್ಕದವರು ಶುರು ಮಾಡುತ್ತಿದ್ದರು. ಹಾರ್ಮೋನಿಯಂ ಜೊತೆ ಹಾಡುವ ಕೀರ್ತನೆಗಳೂ ಅವನ ಗಂಟಲಿಗೆ ಇಳಿಯುತ್ತಿರಲಿಲ್ಲ. ಬಾಯಿ ಅಲ್ಲಾಡಿಸುತ್ತ ನಿಲ್ಲುತ್ತಿದ್ದ. ಯೇಸುವಿನ ಮೇಲೆ ಪ್ರೀತಿಯಿಲ್ಲ ಎಂದಲ್ಲ. ಗಾಯದ ಕತೆ ಓದುವುದನ್ನು ಕೇಳಿದಾಗೆಲ್ಲ ಅವನ ಕಣ್ಣು ತುಂಬುತ್ತಿದ್ದವು. ತನ್ನಂಥವರ ಹಾಗೆಯೇ ಏಟು ತಿಂದ ದೇವರು ಇವನೊಬ್ಬನೇ ಎಂದು ನಂಬಿಯೇ ಅವನು ಬಂದಿದ್ದ. ಆದರೆ ಬಂದ ಮೇಲೆ ಆ ದೇವರ ಮುಂದೆ ಮೂಗನಾಗಿ ಉಳಿದಿದ್ದ, ಅದು ಅವನನ್ನು ಒಳಗೇ ತಿನ್ನುತ್ತಿತ್ತು.

ಅಂಬಪ್ಪನ ಹುಟ್ಟೂರು ಮಸ್ಕಿ ಹತ್ತಿರದ ಒಂದು ಸಣ್ಣ ಹಳ್ಳಿ. ಆ ಸೀಮೆಯಲ್ಲಿ ಮೊಹರಂ ಒಂದು ಜಾತಿಯ ಹಬ್ಬವಲ್ಲ. ಪೀರ ದೇವರು ಕೂರುವ ಹತ್ತು ದಿನ ಇಡೀ ಊರು ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತದೆ. ಕರ್ಬಲಾದ ಬಯಲಿನಲ್ಲಿ, ಹೊಳೆ ಕಣ್ಣೆದುರು ಹರಿಯುತ್ತಿದ್ದರೂ ಹನಿ ನೀರು ಸಿಗದೆ ಸತ್ತವರ ಕತೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಕೇಳಿ ಅಳುತ್ತದೆ. ಆ ಪದಕ್ಕೆ ಇಬ್ಬರು ಬೇಕು. ಮುಂದಿನವನು ಸಾಲು ಎತ್ತಬೇಕು, ಹಿಂದಿನವನು ಜವಾಬು ಕೊಡಬೇಕು. ಮುಂದಿನವನಾಗಿ ಅಂಬಪ್ಪ, ಹಿಂದಿನವನಾಗಿ ಹತ್ತಿ ಹಿಂಜುವ ಮೌಲಾಹುಸೇನ, ಇವರಿಬ್ಬರ ಜೋಡಿ ಹದಿನೆಂಟು ವರ್ಷ ಆ ಸುತ್ತಿನ ಹಳ್ಳಿಗಳನ್ನೆಲ್ಲ ಅಳಿಸಿತ್ತು. ದೇವರ ಜೊತೆ ಮಾತಾಡಲು ಅಂಬಪ್ಪನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಆ ದಾರಿಯನ್ನು ಅವನು ತಾನಾಗಿಯೇ ಮುಚ್ಚಿದ್ದ. ಕಾಲುವೆಯ ನೀರಿನಲ್ಲಿ ದೀಕ್ಷಾಸ್ನಾನ ಕೊಡುವಾಗ ಆಗಿನ ಹಿರಿಯ ಪಾಸ್ಟರ್, "ಹಳೆಯ ಪದಗಳನ್ನು ಇಲ್ಲಿಗೇ ಬಿಡುತ್ತೀಯಾ?" ಎಂದು ಕೇಳಿದ್ದರು. ಎದೆಮಟ್ಟ ನೀರಿನಲ್ಲಿ ನಿಂತವನು "ಬಿಟ್ಟೆ" ಎಂದಿದ್ದ. ಆ ಪಾಸ್ಟರ್ ಈಗ ಇಲ್ಲ, ತೀರಿಕೊಂಡಿದ್ದರು. ತೀರಿಕೊಂಡವರಿಗೆ ಕೊಟ್ಟ ಮಾತನ್ನು ವಾಪಸು ಕೇಳುವುದು ಯಾರ ಹತ್ತಿರ?

ನರಸಣ್ಣ ಮಾಸ್ತರರು ಕರುಣೆಯಿಂದ ಒಂದು ಹಾಳೆಯ ತುಂಬ ಬರೆದುಕೊಟ್ಟರು. ನೀರಡಿಕೆ ಎಂದರೆ ಆತ್ಮದ ನೀರಡಿಕೆ, ಅದಕ್ಕೆ ಮೂರು ಅರ್ಥ, ಮೂರಕ್ಕೂ ಒಂದೊಂದು ಉಪ ಅರ್ಥ. ಓದಲು ಬಾರದ ಅಂಬಪ್ಪ ಅದನ್ನು ಪಕ್ಕದ ಮನೆಯ ಹುಡುಗಿಯಿಂದ ಎರಡು ಸಲ ಓದಿಸಿ ಕೇಳಿದ. ಒಂದು ಸಾಲೂ ಮೈಗೆ ಹತ್ತಲಿಲ್ಲ. ನೀರಡಿಕೆ ಅಂದರೆ ಏನೆಂದು ಅವನಿಗೆ ಮಾಸ್ತರರು ಹೇಳಿಕೊಡಬೇಕಾಗಿರಲಿಲ್ಲ. ಏಪ್ರಿಲ್ ಬಿಸಿಲು, ಮೂಗಿನ ತುಂಬ ತೌಡಿನ ಧೂಳು, ಗಂಟಲಲ್ಲಿ ಗೋಣಿಯ ನಾರು. ಲಾರಿ ತುಂಬುವ ತನಕ ನೀರು ಕೇಳಬಾರದು ಎನ್ನುವ, ಕೆಲಸ ಮಾಡಿಸುವ ಮುಕಾದಮನ ಕಣ್ಣು ಬೇರೆ.

ಚರ್ಚಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಚಿತ್ರವಿತ್ತು, ಶಿಲುಬೆಯ ಮೇಲಿನ ಯೇಸುವಿನದು. ಸೋಮವಾರ ಕೆಲಸ ಬಿಟ್ಟ ಮೇಲೆ ಅಂಬಪ್ಪ ಅದರ ಮುಂದೆ ಹೋಗಿ ನಿಂತು ಬಹಳ ಹೊತ್ತು ನೋಡಿದ. ಚಿತ್ರ ಬರೆದವನು ಗಾಯಗಳನ್ನೆಲ್ಲ ಸರಿಯಾಗಿ ಬರೆದಿದ್ದ, ಮುಳ್ಳನ್ನೂ ಬರೆದಿದ್ದ. ತುಟಿ ಮಾತ್ರ ಎಲೆ ಅಡಿಕೆ ಹಾಕಿಕೊಂಡ ಮದುಮಗನ ತುಟಿಯ ಹಾಗೆ ಕೆಂಪಗೆ ತೇವವಾಗಿತ್ತು. ಈ ಮನುಷ್ಯ ಯಾವತ್ತೂ ನೀರಿಲ್ಲದೆ ಇದ್ದವನಲ್ಲ ಎಂದು ಅಂಬಪ್ಪನಿಗೆ ಚಿತ್ರಕಾರನ ಮೇಲೆ ಸಿಟ್ಟು ಬಂತು. ನೀರಿಲ್ಲದ ತುಟಿ ಬಿಳಿಚಿಕೊಳ್ಳುತ್ತದೆ, ನಡುವೆ ಸೀಳುತ್ತದೆ, ಒಂದಕ್ಕೊಂದು ಅಂಟುತ್ತದೆ. ಮಾತಾಡಬೇಕೆಂದರೆ ಮೊದಲು ಬಿಡಿಸಿಕೊಳ್ಳಬೇಕು. ಹಾಗೆ ಬಿಡಿಸಿಕೊಂಡು ಆಡಿದ ಮಾತು ಅದು.

ಅಷ್ಟು ಯೋಚನೆ ಬಂದದ್ದೇ ತಡ, ಅದನ್ನು ಆಡಿದವನು ಯಾರೆಂದು ಅಂಬಪ್ಪನಿಗೆ ಹೊಳೆಯಿತು. ಸಮುದ್ರಕ್ಕೆ ಇಷ್ಟೇ ಬಾ, ಮುಂದೆ ಬರಬೇಡ ಎಂದು ಗೆರೆ ಹಾಕಿದವನು. ಕಾಲುವೆಯ ನೀರು, ಬಾವಿಯ ನೀರು, ಕಣ್ಣೀರು ಎಲ್ಲ ಅವನದೇ. ಅವನು ಬಂದು ತನ್ನಂಥ ಹಮಾಲನ ಹಾಗೆ ನೀರು ಕೇಳಿದ್ದಾನೆ. ಯಾರನ್ನು ಕೇಳಿದ? ಎದುರಿಗೆ ನಿಂತವರನ್ನು. ಅವರು ಕೊಡುತ್ತಾರೆ ಎಂದು ನಂಬಿಯೇ ಕೇಳಿದನೇ? ಅಂಬಪ್ಪ ಗೋಡೆಗೆ ಆನಿಕೊಂಡು ಕೂತ. ಗಂಟಲೊಳಗೆ ಹಳೆಯ ಧಾಟಿಯೊಂದು ತಾನಾಗಿ ಏಳುತ್ತಿತ್ತು, ಅವನು ಹಲ್ಲು ಕಚ್ಚಿ ಅದನ್ನು ಒಳಗೇ ಹಿಡಿದ.

ಬುಧವಾರ ಮಿಲ್ಲಿಗೆ ಹೋಗದೆ ಮಸ್ಕಿಯ ಬಸ್ಸು ಹತ್ತಿದ.

ಮೌಲಾಹುಸೇನ ಈಗ ಹಳ್ಳಿ ಬಿಟ್ಟು ಮಸ್ಕಿಯಲ್ಲೇ ಗಾದಿ ಮಾಡುವ ಅಂಗಡಿ ಇಟ್ಟಿದ್ದ. ಹತ್ತಿಯ ರಾಶಿಯ ನಡುವೆ ಕೂತು ಹಿಂಜುವ ಬಿಲ್ಲಿನ ಹುರಿಯನ್ನು ಬಡಿಯುತ್ತಿದ್ದ. ಗಡ್ಡ, ಹುಬ್ಬು ಎಲ್ಲ ಹತ್ತಿಯಿಂದ ಬೆಳ್ಳಗಾಗಿದ್ದವು. ಬಾಗಿಲಲ್ಲಿ ನಿಂತವನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಆರು ವರ್ಷಕ್ಕ ದಾರಿ ನೆನಪಾತೇನಲೇ?"

"ದಾರಿ ಮರತಿದ್ದಿಲ್ಲೋ ಮೌಲಾ. ನಿನಗ ಮಾರಿ ತೋರ್ಸಾಕ ಆಗಿದ್ದಿಲ್ಲ."

"ನೀ ಯಾವ ದೇವರ ಕಡಿ ಹೋದ್ಯಂತ ನಂಗ ಸಿಟ್ಟಿಲ್ಲ. ಪದ ಅರ್ಧಕ್ಕ ಬಿಟ್ಟು ಹೋದ್ಯಲ್ಲ, ಅದಕ್ಕ ಸಿಟ್ಟು. ಬರೇ ಜವಾಬು ಹಿಡ್ಕೊಂಡು ನಾ ಯಾರ ಮುಂದ ಹಾಡ್ಲಿ? ಹೋದ ಅಲಾಯಿಗೆ ಊರಾಗ ಟೇಪ್ ರೆಕಾರ್ಡರ್ ಹಚ್ಯಾರ. ನೀರಿನ ಪದ ಮುಗದ ಮ್ಯಾಲ ಟೇಪಿಗೆ ನೀರು ಕುಡ್ಸಾಕ ಬರತೈತೇನು?"

ಆ ಹಳ್ಳಿಯ ಹಾಡುಗಾರರಲ್ಲಿ ಒಂದು ಕಟ್ಟಳೆ ಇತ್ತು. ನೀರಿನ ಪದ ಹಾಡುವವನು ಬೆಳಗಿನಿಂದ ಬಾಯಿಗೆ ನೀರು ಮುಟ್ಟಿಸಬಾರದು. ಪದ ಮುಗಿದ ಮೇಲೆ ಕೇಳಿದವರಲ್ಲಿ ಒಬ್ಬರು, ಹೆಚ್ಚಾಗಿ ಒಬ್ಬ ಹೆಣ್ಣುಮಗಳು, ತಾವಾಗಿ ಎದ್ದು ನೀರು ಕೊಡಬೇಕು. ಹಾಡುಗಾರನು ಕೇಳುವ ಹಾಗಿಲ್ಲ, ಸನ್ನೆ ಮಾಡುವ ಹಾಗೂ ಇಲ್ಲ. ನೀರು ಬಿದ್ದರೆ ಪದ ಮುಗಿಯಿತು. ಬೀಳದಿದ್ದರೆ ಅದು ಬಾಯಿ ತೆರೆದುಕೊಂಡೇ ಉಳಿಯುತ್ತದೆ, ಹಾಡಿದವನು ಸಾಯುವ ತನಕ ಮತ್ತೆ ಅದನ್ನು ಎತ್ತುವ ಹಾಗಿಲ್ಲ.

ಮೌಲಾಹುಸೇನನ ಹೆಂಡತಿ ಖಾತೂನ್‌ಬೀ ಚಹಾ ತಂದಿಟ್ಟು ಬಾಗಿಲ ಪಕ್ಕ ಕೂತಳು. ಅಂಬಪ್ಪ ಬಂದ ಕಾರಣ ಹೇಳಿ ನೀರಿನ ಪದದ ಧಾಟಿ ಕೇಳಿದ. ಅವನು ಹೇಳುತ್ತ ಹೋದ ಹಾಗೆ ಬಿಲ್ಲಿನ ಸದ್ದು ನಿಧಾನವಾಗಿ, ಆಮೇಲೆ ನಿಂತೇಹೋಯಿತು.

"ನೀರು ಕೇಳಿದ್ರಾ ಅವ್ರು? ಈಸಾ ಪೈಗಂಬರ್ರು?" ಎಂದ ಮೌಲಾಹುಸೇನ.

"ಹೂಂ. ಶಿಲುಬಿ ಮ್ಯಾಲಿಂದ."

"ಕೊಟ್ರೇನು?"

"ಹುಳಿ ಕೊಟ್ರು. ಹುಳತ ದ್ರಾಕ್ಷಿರಸದಾಗ ಸ್ಪಂಜು ಅದ್ದಿ, ಕೋಲಿಗೆ ಸಿಗ್ಸಿ ಬಾಯಿಗೆ ಹಿಡದ್ರು."

"ಯಾ ಅಲ್ಲಾ!" ಖಾತೂನ್‌ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಾಯೋರ ಬಾಯಾಗ ನೀರು ಬಿಡ್ತಾರ. ಹುಳಿ ಬಿಡ್ತಾರೇನಣ್ಣ ಯಾರಾದ್ರೂ? ಅಲ್ಲಿ ಹೆಣ್ಮಕ್ಕಳು ಯಾರೂ ಇದ್ದಿದ್ದಿಲ್ಲೇನು?"

"ಇದ್ರವ್ವ. ತಾಯೀನ ನಿಂತಿದ್ಲು. ಸಿಪಾಯಿಗೋಳು ಹತ್ತಿರ ಬಿಡಬೇಕಲ್ಲ?"

ಆ ತಾಯಿ ಅಂಗಡಿಯ ಹೊಸ್ತಿಲಾಚೆಯೇ ನಿಂತಿದ್ದಾಳೇನೋ ಅನ್ನಿಸಿ ಖಾತೂನ್‌ಬೀ ಒಮ್ಮೆ ಬೀದಿಯ ಕಡೆ ನೋಡಿದಳು.

"ನಮ್ಮ ಕಿತಾಬಿನಾಗ ಆ ಶಿಲುಬಿ ಮಾತು ನಿಮ್ಮಂಗಿಲ್ಲ," ಎಂದ ಮೌಲಾಹುಸೇನ. "ಅದು ನಿನಗೂ ಗೊತ್ತು. ಅದರ ಜಗಳ ಈಗ ಬ್ಯಾಡ. ನೀರು ಕೇಳಿದವಗ ಹುಳಿ ಕೊಟ್ರು ಅಂದ್ರ ಆ ಸಂಕಟ ನನಗ ತಿಳಿತೈತಿ. ಧಾಟಿ ಒಯ್ಯಿ. ಆದ್ರ ಕರ್ಬಲಾದ ಸಾಲು ಒಂದೂ ಮುಟ್ಟಬ್ಯಾಡ, ಅವು ಅಲ್ಲಿವು. ನಿನ್ನ ಸಾಲು ನೀನ ಕಟ್ಟು. ಜವಾಬು ಮಾತ್ರ ನಂದು ಇರ್ಲಿ."

ಅಂಬಪ್ಪ ಅವನ ಕೈ ಹಿಡಿದುಕೊಂಡ. ಮೌಲಾಹುಸೇನ ಕೈ ಬಿಡಿಸಿಕೊಳ್ಳದೆ ಕೇಳಿದ.

"ಅಲ್ಲಿ ನೀರು ಯಾರು ಕೊಡ್ತಾರ?"

"ಯಾರೂ ಕೊಡಂಗಿಲ್ಲ. ಮೂರು ಹೊಡೆಯೋ ತನಕ ಎಲ್ಲಾರೂ ಉಪಾಸ. ಹನಿ ನೀರು ಮುಟ್ಟಂಗಿಲ್ಲ."

"ಹಂಗಿದ್ರ ಹಾಡಬ್ಯಾಡಲೇ! ಆರು ವರ್ಷದ ಮ್ಯಾಲ ಸಿಕ್ಕಿರೋದು ಒಂದ ಪದ ನಿನಗ. ಅದನ್ನೂ ಕಳಕೊಂಡು ಮನೀಗೆ ಬರ್ತಿ."

"ಗೊತ್ತೈತಿ."

"ಗೊತ್ತಿದ್ದೂ ಹಾಡ್ತಿ?"

"ಹಾಡದಿದ್ರೂ ನಂಗೇನೈತಿ ಮೌಲಾ? ಆರು ವರ್ಷ ಆತು, ಅವನ ಮುಂದ ಕೆಮ್ಮಾಕತ್ತೀನಿ."

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಮೊದಲ ಸಾಲು ಕಟ್ಟಿದ. ಉಳಿದವು ಗುರುವಾರ ಚೀಲ ಹೊರುವಾಗ ಹುಟ್ಟಿದವು. ತುಟಿ ಅಲ್ಲಾಡುವುದನ್ನು ನೋಡಿದ ಜೊತೆಯ ಹಮಾಲರು ಬಿಸಿಲು ತಲೆಗೆ ಏರಿದೆ ಎಂದುಕೊಂಡರು.

ಶುಕ್ರವಾರದ ಬಿಸಿಲು ಹೇಳಬಾರದು. ಕಾಲುವೆಗೆ ನೀರು ನಿಲ್ಲಿಸಿ ವಾರವಾಗಿತ್ತು. ಚರ್ಚಿನ ತಗಡಿನ ಮಾಡು ಕಾದು ಒಳಗೆ ಅರವತ್ತು ಜನ ಬೇಯುತ್ತಿದ್ದರು. ಮುಂದುಗಡೆ ಬೇವಿನ ಮರದ ಎರಡು ತೊಲೆಗಳನ್ನು ಕಟ್ಟಿ ಮಾಡಿದ ಶಿಲುಬೆಯನ್ನು ಮರಳು ತುಂಬಿದ ದೊಡ್ಡ ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಿದ್ದರು. ಅದರ ಹತ್ತಿರವೇ ಚಾಪೆಯ ತುದಿಯಲ್ಲಿ ಯಂಕಮ್ಮ ಕೂತಿದ್ದಳು. ಸಭೆಯಲ್ಲೇ ಹಿರಿಯಳು, ಎರಡೂ ಕಣ್ಣಿಗೆ ಪೊರೆ. ನಾಟಿ ಹಚ್ಚಿ ಹಚ್ಚಿ ಬಾಗಿದ ಸೊಂಟ ಮತ್ತೆ ನೆಟ್ಟಗಾಗಿರಲಿಲ್ಲ. ಅವಳಷ್ಟೇ ಅಲ್ಲ, ಅಲ್ಲಿದ್ದ ಮುಕ್ಕಾಲು ಪಾಲು ಜನ ದಢೇಸುಗೂರು, ಮುಕ್ಕುಂದ, ಮಸ್ಕಿ ಕಡೆಯ ಹಳ್ಳಿಗಳಿಂದ ಕೂಲಿಗೆ ಬಂದು ನೆಲೆ ನಿಂತವರು.

ಮೊದಲ ಮಾತು ಪಾಸ್ಟರ್ ಆಡಿದರು. ಎರಡನೆಯದು ನರಸಣ್ಣ ಮಾಸ್ತರರದು. ಕಳ್ಳನಿಗೆ ಸ್ವರ್ಗ ಕೊಡಲು ಯೇಸುವಿಗೆ ಒಂದು ಗಳಿಗೆ ಸಾಕಾಗಿತ್ತು, ಮಾಸ್ತರರಿಗೆ ಐವತ್ತು ನಿಮಿಷ ಬೇಕಾಯಿತು. ಮೂರು ಮತ್ತು ನಾಲ್ಕು ಮುಗಿಯುವ ಹೊತ್ತಿಗೆ ಗೋಡೆ ಗಡಿಯಾರ ಎರಡು ದಾಟಿ ಹತ್ತು ನಿಮಿಷ ತೋರಿಸುತ್ತಿತ್ತು. ಕೂಸುಗಳು ಅತ್ತು ಸುಸ್ತಾಗಿದ್ದವು, ದೊಡ್ಡವರು ತುಟಿ ನೆಕ್ಕಿಕೊಳ್ಳುತ್ತಿದ್ದರು.

"ಐದನೆಯ ಮಾತು, ಅಬ್ರಹಾಮಪ್ಪ," ಎಂದರು ಪಾಸ್ಟರ್.

ಈ ಸಲ ಅವನು ಅತ್ತಿತ್ತ ನೋಡಲಿಲ್ಲ. ಎದ್ದು ಮುಂದೆ ಹೋದ. ಮಾಸ್ತರರ ಹಾಳೆ ಜೇಬಿನಲ್ಲೇ ಇತ್ತು. ಅರವತ್ತು ಮುಖಗಳ ಕಡೆ ತಿರುಗಿ ನಿಂತ.

"ನನಗ ಮಾತು ಬರಂಗಿಲ್ರಿ," ಎಂದ. "ಪದ ಬರ್ತಾವ. ಅವನ್ನ ಹಾಡಂಗಿಲ್ಲಂತ ಕಾಲುವಿ ನೀರಾಗ ನಿಂತು ದೊಡ್ಡ ಪಾಸ್ಟರ್ರಿಗೆ ಮಾತು ಕೊಟ್ಟಿದ್ದೆ. ಸಾಲು ಹೊಸವು ಅದಾವ, ಧಾಟಿ ಮಾತ್ರ ಅಲಾಯಿದ ಐತಿ. ಇವತ್ತು ಆ ಮಾತು ಮುರೀತೀನಿ. ತಪ್ಪಾದ್ರ ಸಭಾದಿಂದ ಹೊರಗ ಹಾಕ್ರಿ, ಹೋಗ್ತೀನಿ."

ಒಳಗೆ ಗುಜುಗುಜು ಎದ್ದಿತು. ಪಾಸ್ಟರ್ ಜೀವರತ್ನ ಕುರ್ಚಿಯಿಂದ ಅರ್ಧ ಎದ್ದರು. ಬೀದರ್ ಕಡೆಯ ಮನುಷ್ಯ, ಇನ್ನೂ ಮೂವತ್ತು ದಾಟಿರಲಿಲ್ಲ, ನಿಯಮದಲ್ಲಿ ಬಿಗಿ. "ಅಬ್ರಹಾಮಪ್ಪ, ವಾಕ್ಯದ ಬಗ್ಗೆ ನಾಲ್ಕು ಮಾತು ಹೇಳಿದರೆ ಸಾಕು," ಎಂದರು. ಅಷ್ಟರಲ್ಲಿ ಅಂಬಪ್ಪ ಎಡಗೈಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿಬಿಟ್ಟಿದ್ದ.

"ಹೊಳಿ ಮಾಡಿದವ ನೀನ, ಕೆರಿ ತುಂಬಿದವ ನೀನ,
ನೀನ ಬೇಡಿದ್ಯಲ್ಲೋ ನೀರಾ..."

ಆರು ವರ್ಷ ಮುಚ್ಚಿಟ್ಟ ಕೊರಳು. ಮೊದಲ ಸ್ವರ ಒಡೆದು ಹೋಯಿತು, ಎರಡನೆಯದು ಒರಟಾಗಿ ಬಂತು, ಮೂರನೆಯದು ತಗಡಿನ ಮಾಡಿಗೆ ಹೋಗಿ ಬಡಿಯಿತು. ಪಾಸ್ಟರ್ ಎದ್ದವರು ಹಾಗೇ ನಿಂತರು. ಸಾಲು ಮುಗಿದಲ್ಲಿ ಅಂಬಪ್ಪನ ಗಂಟಲು ರೂಢಿಯಿಂದ ಜವಾಬಿಗೆ ಕಾಯಿತು. ಯಾರಿದ್ದಾರೆ ಅಲ್ಲಿ? ಮೌಲಾಹುಸೇನನ ಜವಾಬನ್ನು ತಾನೇ ಎತ್ತಿಕೊಂಡ.

"ಯಾರ ಕೊಡತೀರಿ ನೀರ, ಯಾರ ಕೊಡತೀರಿ..."

ಒಬ್ಬನ ಬಾಯಲ್ಲಿ ಅದು ಬಡಕಲಾಗಿತ್ತು. ಅವನು ಎರಡನೆಯ ಸಾಲಿಗೆ ಹೋದ.

"ಮೋಡಕ್ಕ ದಾರಿ ತೋರಿದ ಕೈಗೆ ಮೊಳಿ ಬಡಿದಾರ,
ತುಟಿ ಸೀಳಿತಲ್ಲೋ ದೊರಿಯೇ..."

ಈ ಸಲ ಅವನು ಜವಾಬು ಎತ್ತುವ ಮೊದಲೇ ಹೆಂಗಸರ ಕಡೆಯಿಂದ ಸಣ್ಣದೊಂದು ಗುಂಯ್‌ಗುಡುವ ದನಿ ಬಂತು. ಪೀರಮ್ಮನದು. ಪೀರನ ಹೆಸರು ಹೊತ್ತು ಹುಟ್ಟಿದವಳಿಗೆ ಆ ಧಾಟಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಅವರೆಲ್ಲ ಸಣ್ಣವರಿದ್ದಾಗ ತಾಯಿಯ ಸೊಂಟದ ಮೇಲೆ ಕೂತು ಅಲಾಯಿ ಕುಣಿಯ ಪಕ್ಕದಲ್ಲಿ ಕೇಳಿದವರು. ಇದು ಚರ್ಚು, ಇಲ್ಲಿ ಇದು ಸಲ್ಲದು ಎಂಬುದು ಅವರಿಗೆ ಮರೆತೇಹೋಯಿತು. ಗಂಡಸರೂ ಸೇರಿಕೊಂಡರು. ಮೂರನೆಯ ಸಾಲಿಗೆ, ತಾಯಿಯ ಹಾಲು ಕುಡಿದ ಬಾಯಿಗೆ ಹುಳಿ ಹಿಡಿದರಲ್ಲೋ ಎಂಬಲ್ಲಿಗೆ, ಅರವತ್ತು ಜನರ ಜವಾಬು ಎದ್ದು ಬಂದು ಅಂಬಪ್ಪನ ಎದೆಗೆ ಬಡಿಯಿತು. ನರ್ಸಮ್ಮ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಐವತ್ತು ನಿಮಿಷ ಮಾತಾಡಿದ ಮಾಸ್ತರರೂ ಜವಾಬು ಹಿಡಿದಿದ್ದರು.

"ಯಾರ ಕೊಡತೀರಿ ನೀರ, ಯಾರ ಕೊಡತೀರಿ..."

ಪದ ನಿಂತಿತು.

ಅಂಬಪ್ಪ ಕಣ್ಣು ತೆರೆದ. ಮೂಲೆಯಲ್ಲಿ ಮೂರು ಗಂಟೆಯ ನಂತರಕ್ಕೆಂದು ತುಂಬಿಟ್ಟ ಮಣ್ಣಿನ ಗಡಿಗೆ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಎಲ್ಲರ ಕಣ್ಣೂ ಅದರ ಕಡೆಗೆ ಹೋಗಿ ಗಡಿಯಾರದ ಕಡೆಗೆ ಬಂದವು. ಎರಡೂವರೆಗೂ ಇನ್ನೂ ಐದು ನಿಮಿಷ. ಉಪವಾಸ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ, ಪಾಸ್ಟರ್ ಎದುರಿಗೇ ನಿಂತಿದ್ದರು. ಪೀರಮ್ಮ ಮೊಣಕಾಲಿನ ಮೇಲೆ ಎದ್ದು ಮತ್ತೆ ಕೂತಳು. ಒಂದು ನಿಮಿಷ ಹೋಯಿತು. ಅಂಬಪ್ಪನಿಗೆ ಭಯವಾಯಿತು, ಬಾಯಲ್ಲಿದ್ದ ಒಂದೇ ಒಂದು ಪದವನ್ನೂ ಇಲ್ಲಿ ತಂದು ಕಳೆದುಕೊಂಡೆ ಎಂಬ ನಿಜವಾದ ಭಯ. ಕೇಳುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಒಣಗಿದ ತುಟಿ ಬಿಗಿದುಕೊಂಡು ನಿಂತ.

ಚಾಪೆಯ ತುದಿಯಿಂದ ಯಂಕಮ್ಮ ಎದ್ದಳು.

ಕೈಯಿಂದ ಗೋಡೆ ತಡವುತ್ತ ಗಡಿಗೆಯ ಹತ್ತಿರ ಹೋದಳು. ತಟ್ಟೆ ತೆಗೆದ ಸದ್ದು, ತಂಬಿಗೆ ಮುಳುಗಿದ ಸದ್ದು ಎಲ್ಲರಿಗೂ ಕೇಳಿಸಿತು. ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿದ ಸೊಂಟದಲ್ಲೇ ಮುಂದೆ ಬಂದಳು. ಅಂಬಪ್ಪ ಬೊಗಸೆ ಒಡ್ಡಿದ. ಕಣ್ಣು ಮಸಕಾದ ಮುದುಕಿ ಅವನ ಬೊಗಸೆಯನ್ನು ದಾಟಿ ಹೋದಳು. ದಾರಿ ತಪ್ಪಿತೆಂದು ಅವನು ಕರೆಯಬೇಕೆಂದುಕೊಂಡ. ಅವಳಿಗೆ ದಾರಿ ತಪ್ಪಿರಲಿಲ್ಲ. ಒಂದು ಕೈ ಚಾಚಿ ಬೇವಿನ ತೊಲೆಯನ್ನು ಮುಟ್ಟಿ ನೋಡಿದಳು, ಜ್ವರ ಬಂದ ಮಗನ ಮೈ ಮುಟ್ಟಿ ನೋಡುವ ಹಾಗೆ.

ಪಾಸ್ಟರ್ ದಡಬಡಿಸಿ ವೇದಿಕೆಯ ಮೆಟ್ಟಿಲಿಳಿದು ಬಂದರು. ತಡೆಯಲೆಂದೇ ಕೈ ಚಾಚಿದ್ದರು. ಯಂಕಮ್ಮ ತೂರಾಡಿದಳು. ಆ ಕೈ ಅವಳ ಮೊಣಕೈಯನ್ನು ಹಿಡಿದು ಬೀಳದಂತೆ ನಿಲ್ಲಿಸಿತು, ಹಾಗೇ ಹಿಡಿದುಕೊಂಡೇ ಇತ್ತು.

"ತಗೋ ನನ್ನಪ್ಪಾ," ಎಂದಳು ಯಂಕಮ್ಮ. "ಆಗಿಂದ ಕೇಳಾಕತ್ತಿ. ಹುಳಿ ಅಲ್ಲ ಇದು, ನೀರ ಐತಿ. ಕುಡಿ."

ಶಿಲುಬೆಯ ಬುಡಕ್ಕೆ ನೀರು ಸುರಿದಳು. ವಾರದ ಬಿಸಿಲಿಗೆ ಕಾದ ಮರಳು ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಕುಡಿದ ಸದ್ದು ಕೇಳಿಸಿತು ಎಂದು ಮುಂದಿನ ಸಾಲಿನವರು ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದರು. ಹಸಿ ಮರಳಿನ ವಾಸನೆ ಎದ್ದು ಚರ್ಚನ್ನೆಲ್ಲ ತುಂಬಿತು. ಆರನೆಯ ಮಾತಿಗೆ ಎದ್ದಿದ್ದ ಗುಮಾಸ್ತ ಕಾಗದ ಮಡಿಚಿಕೊಂಡು ಮೊಣಕಾಲೂರಿದ. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಊರಿದರು. ಯಂಕಮ್ಮನ ಮೊಣಕೈ ಬಿಡದೆಯೇ ಪಾಸ್ಟರ್ ಕೂಡ ಊರಿದರು.

ಒಡ್ಡಿದ ಬೊಗಸೆಯನ್ನು ಅಂಬಪ್ಪ ಇನ್ನೂ ಹಾಗೇ ಹಿಡಿದಿದ್ದ. ಅವನ ಅಂಗೈಯಲ್ಲಿ ಒಂದು ಹನಿಯೂ ಇರಲಿಲ್ಲ. ಆದರೂ ಪದ ಮುಗಿದಿದೆ ಎಂದು ಅವನಿಗೆ ತಿಳಿಯಿತು, ಹಿಂದೆ ಎಂದೂ ಹಾಗೆ ಮುಗಿದಿರಲಿಲ್ಲ. ಹದಿನೆಂಟು ವರ್ಷ ನೀರು ಬೇಡುತ್ತಿದ್ದವನು ತಾನು ಎಂದುಕೊಂಡಿದ್ದ. ಬೇಡಿದವನು ಬೇರೆಯೇ ಇದ್ದ. ಕೋಲಿನ ತುದಿಯ ಹುಳಿಯನ್ನು ತುಟಿಗೆ ಹಚ್ಚಿಕೊಂಡು ಇಷ್ಟು ಕಾಲದಿಂದ ಕಾಯುತ್ತಿದ್ದ. ಸಿಂಧನೂರಿನ ತಗಡಿನ ಮಾಡಿನ ಕೆಳಗೆ ಒಬ್ಬ ಕುರುಡು ಮುದುಕಿ ಎದ್ದು ಹೋಗಿ ಅವನಿಗೆ ನೀರು ಕೊಟ್ಟಿದ್ದಳು. ಇಷ್ಟು ದೊಡ್ಡವನು ಇಷ್ಟು ಹತ್ತಿರ ಇದ್ದಾನೆ ಎಂಬುದು ಅಂಬಪ್ಪನಿಗೆ ತಾಳಲಾಗಲಿಲ್ಲ.

ಅವನು ಡಬ್ಬಿಯ ಮುಂದೆ ಕೂತು, ತೇವವಾದ ಮರಳಿನ ಮೇಲೆ ಕೈಯಿಟ್ಟ. ಕೆಮ್ಮು ಬರಲಿಲ್ಲ. ಮಾತು ತಾನಾಗಿ ಬಂತು.

"ಕುಡದ್ಯಾ, ಯಪ್ಪಾ?" ಎಂದು ಕೇಳಿದ.